ತೋಟದ ಮಣ್ಣಡಿಯ ಟೆಲಿಫೋನ್ ಕೇಬಲ್: ಜಾಯಿಂಟ್ ಒಳಗೆ ನೀರು ಹೋಗದ ಹಾಗೆ ಸೀಲ್ ಮಾಡೋದು ಹೇಗೆ?

ಅಡಿಕೆತೋಟ_ಸಾಗರ

ನಮಸ್ಕಾರ ಎಲ್ಲರಿಗೂ. ಸಾಗರದ ಹತ್ತಿರ ನಮ್ಮ ತೋಟ. ಮನೆಯಿಂದ ಗೇಟಿನ ಪಕ್ಕದ ತಮ್ಮನ ಮನೆವರೆಗೆ ಮಣ್ಣಿನಡಿ 10 ಪೇರ್ (ಹತ್ತು ಜೋಡಿ ತಂತಿ) ಜೆಲ್ಲಿ ಕೇಬಲ್, ಅಂದ್ರೆ ತಂತಿಗಳ ನಡುವೆ ನೀರು ತಡೆಯೋ ಜೆಲ್ಲಿ ತುಂಬಿದ್ದು, ಹಾಕಿಸಿದ್ದೇವೆ. 0.5 ಎಂಎಂ ತಂತಿ, ಮೇಲೆ ಆರ್ಮರ್ (ಲೋಹದ ರಕ್ಷಾಕವಚ), ಉದ್ದ ಸುಮಾರು 650 ಮೀಟರ್. ಮನೆಯಲ್ಲಿ ಸಣ್ಣ ಇಪಿಎಬಿಎಕ್ಸ್ (ಮನೆಮಟ್ಟದ ಪುಟ್ಟ ಎಕ್ಸ್‌ಚೇಂಜ್) ಇದೆ, ಅದರಿಂದ ಗೇಟಿನ ಕಡೆ ತಮ್ಮನ ಮನೆ, ಗೋದಾಮು, ಕೆಲಸದವರ ಮನೆ ಮೂರಕ್ಕೂ ಫೋನ್. ಇನ್ನೊಂದು ಪೇರ್‌ಗೆ ಎರಡೂ ತುದಿಯಲ್ಲಿ ಡಿಎಸ್‌ಎಲ್ ಡಬ್ಬಿ (ಫೋನ್ ತಂತಿಯಲ್ಲೇ ಇಂಟರ್ನೆಟ್ ಕಳಿಸೋದು) ಕೂರಿಸಿ ಇಂಟರ್ನೆಟ್ ಕೊಟ್ಟಿದ್ದೇವೆ. ಇಲ್ಲಿ ಮೊಬೈಲ್ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು.

ಹೋದ ಬೇಸಿಗೆಯಲ್ಲಿ ಬಸಿಗಾಲುವೆ ತೆಗೆಯುವಾಗ ಜೆಸಿಬಿ ಹಲ್ಲು ಕೇಬಲ್ ಮೇಲೆ ಬಿತ್ತು, ಪೂರ್ತಿ ತುಂಡಾಯಿತು. ಊರಿನ ಎಲೆಕ್ಟ್ರಿಷಿಯನ್ ಬಂದು ತಂತಿಗಳನ್ನು ತಿರುಚಿ, ಒಂದೊಂದಕ್ಕೂ ಟೇಪ್ ಸುತ್ತಿ, ಎಲ್ಲವನ್ನೂ ಪಿವಿಸಿ ಪೈಪಿನೊಳಗೆ ತೂರಿಸಿ, ಎರಡೂ ಬಾಯಿಗೆ ಎಂ-ಸೀಲ್ ಮೆತ್ತಿ ಮಣ್ಣು ಮುಚ್ಚಿದರು. ಜೂನ್‌ವರೆಗೆ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಫೋನಿನಲ್ಲಿ ಕಿರ್‌ಕಿರ್, ಆಮೇಲೆ ಒಂದರ ಮಾತು ಇನ್ನೊಂದರಲ್ಲಿ ಕೇಳೋದು, ಈಗ ಎರಡು ಪೇರ್ ಪೂರ್ತಿ ಡೆಡ್. ಇಂಟರ್ನೆಟ್ ಗಂಟೆಗೊಮ್ಮೆ ಬಿದ್ದು ಏಳುತ್ತೆ. ನಿನ್ನೆ ಗುಂಡಿ ತೆಗೆದು ಪೈಪ್ ಕೊಯ್ದು ನೋಡಿದ್ರೆ ಒಳಗೆ ನೀರೋ ನೀರು. ಟೇಪ್ ಬಿಚ್ಚಿದಾಗ ತಂತಿಗಳ ಮೇಲೆ ಹಸಿರು ಪುಡಿ.

ತಿರುಚಿದ್ದೇ ತಪ್ಪಾ, ಸೀಲ್ ಮಾಡಿದ್ದು ತಪ್ಪಾ? ಬೆಸುಗೆ ಹಾಕಬೇಕಾ? ಮಳೆ ನಿಲ್ಲೋವರೆಗೆ ಕಾಯಲೇಬೇಕಾ ಅಥವಾ ಈಗಲೇ ಮಾಡಬಹುದಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹುಬ್ಳಿ_ವೈರ್‌ಮನ್

ಸಾಹೇಬ್ರ, ಬೆಸುಗೆ ಹಾಕಿಸಿ, ಒಂದೊಂದು ತಂತಿಗೂ ಸಣ್ಣ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗೋ) ನಳಿಗೆ ಏರಿಸಿ, ಪೈಪಿನೊಳಗ ಸಿಲಿಕೋನ್ ತುಂಬಿಸಿಬಿಡ್ರಿ. ನಮ್ಮ ಕಡೆ ಬೋರ್‌ವೆಲ್ ಮೋಟರ್ ಕೇಬಲ್ ಜಾಯಿಂಟ್ ನೀರೊಳಗೇ ವರ್ಷಗಟ್ಟಲೆ ಇರ್ತಾವ. ರಬ್ಬರ್ ಟೇಪ್ ಬಿಗಿಯಾಗಿ ಎಳೆದು ಸುತ್ತಿ ಮೇಲೆ ಪಿವಿಸಿ ಟೇಪ್ ಹಾಕೋದು ಅಷ್ಟೇ. ಇದೇನು ದೊಡ್ಡ ವಿಷಯ ಅಲ್ಲ.

ಹಳೇ_ಜಾಯಿಂಟರ್

ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜಾಯಿಂಟರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ವೈರ್‌ಮನ್ ಅಣ್ಣ, ಮೋಟರ್ ಕೇಬಲ್ ಮಾತು ಒಪ್ಪುತ್ತೇನೆ. ಆದ್ರೆ ಅಲ್ಲಿ ಮೂರು ದಪ್ಪ ತಂತಿ. ಸ್ವಲ್ಪ ಸೋರಿಕೆಯಾದರೂ ಮೋಟರ್ ಓಡುತ್ತಲೇ ಇರುತ್ತೆ. ಇಲ್ಲಿ ಅರ್ಧ ಎಂಎಂ ದಪ್ಪದ ಇಪ್ಪತ್ತು ತಂತಿ, ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಹನಿ ನೀರಿದ್ರೂ ಕಿವಿಗೆ ಕೇಳುತ್ತೆ. ಇನ್ನು ಸಿಲಿಕೋನ್ ಅಂತೂ ಬೇಡವೇ ಬೇಡ. ಅಂಗಡಿಯಲ್ಲಿ ಸಿಗೋ ಸಾಮಾನ್ಯ ಸಿಲಿಕೋನ್ ಮೂಸಿ ನೋಡಿ, ವಿನಿಗರ್ ವಾಸನೆ ಬರುತ್ತೆ. ಅದು ಗಟ್ಟಿಯಾಗುವಾಗ ಬಿಡೋದು ಅಸಿಟಿಕ್ ಆಸಿಡ್, ಅದೇ ತಾಮ್ರ ತಿನ್ನುತ್ತೆ. ಗಟ್ಟಿಯಾಗೋಕೆ ಗಾಳಿಯ ತೇವ ಬೇರೆ ಬೇಕು. ಪೈಪಿನ ನಡುವೆ ತುಂಬಿದ್ದು ಎಷ್ಟೋ ದಿನ ಹಸಿಯಾಗೇ ಉಳಿಯುತ್ತೆ.

ಎಂ-ಸೀಲ್ ಯಾಕೆ ಸೋತಿತು ಅಂದ್ರೆ, ಕೇಬಲ್ಲಿನ ಕಪ್ಪು ಸಿಪ್ಪೆ ಪಾಲಿಥಿನ್. ಪಾಲಿಥಿನ್‌ಗೆ ಎಂ-ಸೀಲ್ ಥರದ ಎಪಾಕ್ಸಿ ಅಂಟೋದೇ ಇಲ್ಲ. ಮೆತ್ತಿದ ದಿನ ಕಲ್ಲಿನ ಹಾಗೆ ಕಾಣುತ್ತೆ, ಆದ್ರೆ ಸಿಪ್ಪೆಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತೆ. ಹಗಲಲ್ಲಿ ಪೈಪ್ ಬಿಸಿಯಾದಾಗ ಒಳಗಿನ ಗಾಳಿ ಹೊರಗೆ ಹೋಗುತ್ತೆ, ರಾತ್ರಿ ತಣ್ಣಗಾದಾಗ ಸುತ್ತಲಿನ ನೀರನ್ನು ಒಳಗೆ ಎಳೆಯುತ್ತೆ. ಹಾಗೆ ದಿನಾ ಸ್ವಲ್ಪ ಸ್ವಲ್ಪ. ಒಳಗೆ ಹೋದದ್ದು ವಾಪಸ್ ಬರೋದಿಲ್ಲ.

ಹಸಿರು ಪುಡಿ ವಿಷಯ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಾಸಿಟಿವ್ ಅನ್ನು ಅರ್ತ್ ಮಾಡಿ, ಲೈನಿನ ಒಂದು ತಂತಿಗೆ ಮೈನಸ್ 48 ವೋಲ್ಟ್ ಕೊಡುತ್ತಾರೆ. ನಿಮ್ಮ ಇಪಿಎಬಿಎಕ್ಸ್‌ನಲ್ಲಿ ವೋಲ್ಟೇಜ್ ಕಡಿಮೆ ಇರಬಹುದು, ಕತೆ ಒಂದೇ. ಎರಡು ತಂತಿ ನೀರಲ್ಲಿ ನಿಂತರೆ ಕರೆಂಟ್ ನೀರಿನ ಮೂಲಕ ಹರಿಯುತ್ತೆ, ಪಾಸಿಟಿವ್ ಕಡೆಯ ತಂತಿಯ ತಾಮ್ರ ಕರಗುತ್ತಾ ಹೋಗುತ್ತೆ. ನಿಮ್ಮ ಡೆಡ್ ಪೇರ್ ನೋಡಿ. ಎರಡರಲ್ಲಿ ಒಂದು ತಂತಿ ಮಾತ್ರ ತುಂಡಾಗಿರುತ್ತೆ, ಇನ್ನೊಂದು ಬಹುಶಃ ಕೆಂಪಗೆ ಚೆನ್ನಾಗೇ ಇರುತ್ತೆ.

ತಿರುಚೋದು ತಪ್ಪಾ ಅಂತ ಕೇಳಿದ್ರಿ. ಕಾಗದ ಸುತ್ತಿದ ತಂತಿ, ಮೇಲೆ ಸೀಸದ ಕವಚ ಇದ್ದ ಕಾಲದಲ್ಲಿ ನಾವೂ ತಿರುಚಿಯೇ ಮಾಡ್ತಿದ್ದೆವು. ತಿರುಚಿ, ಮೇಲೆ ಕಾಗದದ ನಳಿಗೆ ಏರಿಸೋದು. ಆದ್ರೆ ಅದರ ಮೇಲೆ ಸೀಸದ ಸ್ಲೀವ್ ಕೂರಿಸಿ, ಕರಗಿದ ಬೆಸುಗೆಯನ್ನು ಬಟ್ಟೆಯಲ್ಲಿ ಹಿಡಿದು ಸುತ್ತ ಸವರಿ ಮುಚ್ಚುತ್ತಿದ್ದೆವು. ಕೈಯಲ್ಲಿ ಬೆವರಿದ್ರೂ ಕಾಗದ ಹಾಳು. ದೊಡ್ಡ ಕೇಬಲ್‌ಗಳಿಗೆ ಎಕ್ಸ್‌ಚೇಂಜಿನಿಂದ ಒಣಗಾಳಿ ತುಂಬಿಸಿಡ್ತಿದ್ರು, ಎಲ್ಲಾದ್ರೂ ತೂತಾದ್ರೆ ಗಾಳಿ ಹೊರಗೆ ನುಗ್ಗಬೇಕೇ ಹೊರತು ನೀರು ಒಳಗಲ್ಲ ಅಂತ. ಜೆಲ್ಲಿ ಕೇಬಲ್‌ಗೆ ಆ ಭಾಗ್ಯ ಇಲ್ಲ. ಜೆಲ್ಲಿಯೇ ನೀರನ್ನು ತಡೆಯಬೇಕು. ಜಾಯಿಂಟಿನಲ್ಲಿ ನಾವು ಜೆಲ್ಲಿ ಒರೆಸಿ ತೆಗೆದುಬಿಡ್ತೀವಲ್ಲ, ಹಾಗಾಗಿ ಅಲ್ಲಿ ಬೇರೆ ಏರ್ಪಾಡು ಬೇಕು.

ಅದೇ ಯುವೈ ಕನೆಕ್ಟರ್. ಅಂಗಿ ಗುಂಡಿಯ ಹಾಗಿರೋ ಸಣ್ಣದು, ಪಾರದರ್ಶಕ, ಒಳಗೆ ಜೆಲ್ ತುಂಬಿರುತ್ತೆ. ತಂತಿ ಸುಲಿಯಬಾರದು. ಎರಡೂ ಕಡೆಯ ಒಂದೇ ಬಣ್ಣದ ತಂತಿಗಳನ್ನು ಸಮವಾಗಿ ಕತ್ತರಿಸಿ, ಎರಡನ್ನೂ ಪಕ್ಕಪಕ್ಕದ ತೂತಿನಲ್ಲಿ ತಳದವರೆಗೆ ತಳ್ಳಿ. ಗುಂಡಿಯ ಮೂಲಕ ನೋಡಿದ್ರೆ ತುದಿ ಎಲ್ಲಿಗೆ ಬಂದಿದೆ ಅಂತ ಕಾಣುತ್ತೆ. ಆಮೇಲೆ ಅದರದ್ದೇ ಪ್ಲೈಯರ್‌ನಿಂದ ಒತ್ತಿ. ಸಾಮಾನ್ಯ ಕಟಿಂಗ್ ಪ್ಲೈಯರ್‌ನ ಬಾಯಿ ಓರೆಯಾಗಿ ಮುಚ್ಚೋದರಿಂದ ಗುಂಡಿಯ ಒಂದು ಬದಿ ಮಾತ್ರ ಕೂರುತ್ತೆ. ಸರಿಯಾಗಿ ಕೂತಾಗ ಟಕ್ ಅಂತ ಕೈಗೆ ಗೊತ್ತಾಗುತ್ತೆ, ತಂತಿ ಹೋದ ಬಾಯಲ್ಲಿ ಸ್ವಲ್ಪ ಜೆಲ್ ಉಕ್ಕುತ್ತೆ. ಒಳಗಿನ ಲೋಹದ ತುಂಡು ಇನ್ಸುಲೇಷನ್ ಕೊಯ್ದು ತಾಮ್ರ ಹಿಡಿದಿರುತ್ತೆ. ಮೆತ್ತಗೆ ಎಳೆದು ನೋಡಿ, ಬರಬಾರದು. ಬೆಸುಗೆಯ ಗೊಡವೆಯೇ ಬೇಡ.

ಬಣ್ಣ ಬಹಳ ಮುಖ್ಯ. ಮೊದಲ ಐದು ಪೇರ್‌ನಲ್ಲಿ ಬಿಳಿ ತಂತಿ, ಅದರ ಜೊತೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಮುಂದಿನ ಐದಕ್ಕೆ ಕೆಂಪು ತಂತಿ, ಜೊತೆಗೆ ಅವೇ ಐದು ಬಣ್ಣ. ಅಂದ್ರೆ ಬಿಳಿ ತಂತಿ ಐದು ಇವೆ! ಪೇರ್ ಬಿಡಿಸಿಬಿಟ್ಟರೆ ಯಾವ ಬಿಳಿ ಯಾರದ್ದು ಅಂತ ಗೊತ್ತಾಗೋದಿಲ್ಲ. ಬಿಳಿ-ನೀಲಿಯ ಬಿಳಿಯನ್ನು ಬಿಳಿ-ಕಿತ್ತಳೆಯ ಬಿಳಿಗೆ ಸೇರಿಸಿ, ಆಚೆ ತುದಿಯಲ್ಲಿ ಹಾಗೇ ಹುಡುಕಿ ಕಟ್ಟಿಕೊಂಡರೆ ಫೋನ್ ರಿಂಗ್ ಆಗುತ್ತೆ, ಮಾತೂ ಕೇಳುತ್ತೆ. ಆದ್ರೆ ಒಂದರ ಮಾತು ಇನ್ನೊಂದರಲ್ಲಿ ಇಳಿಯುತ್ತೆ, ಡಿಎಸ್‌ಎಲ್ ಅಂತೂ ಸತ್ತೇ ಹೋಗುತ್ತೆ. ನಿಮ್ಮಲ್ಲಿ ಹಾಗೂ ಆಗಿರಬಹುದು, ನೀರಿನ ಮೇಲೆ ಮಾತ್ರ ತಪ್ಪು ಹೊರಿಸಬೇಡಿ. ಸಿಪ್ಪೆ ಬಿಡಿಸಿದ ಕೂಡಲೇ ಪ್ರತಿ ಪೇರ್ ಅನ್ನೂ ತುದಿಯಲ್ಲಿ ಎರಡು ಸುತ್ತು ತಿರುಚಿಡಿ, ಒಂದು ಪೇರ್ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿ. ಅದಕ್ಕೂ ಮೊದಲು ಇಪಿಎಬಿಎಕ್ಸ್ ಕಡೆ ಬಿಚ್ಚಿಡಿ. ರಿಂಗ್ ಬರುವಾಗ ಸುಮಾರು 75 ವೋಲ್ಟ್ ಎಸಿ ಇರುತ್ತೆ, ಒದ್ದೆ ಕೈಗೆ ಚೆನ್ನಾಗೇ ಹೊಡೆಯುತ್ತೆ.

ಈಗ ಸೀಲ್. ಜೆಲ್ಲಿ ಕೇಬಲ್‌ಗೆ ಅಂತಲೇ ಥರ್ಮೋ ಶ್ರಿಂಕ್ ಕಿಟ್ ಬರುತ್ತೆ, ಟಿಎಸ್‌ಎಫ್ ಕಿಟ್ ಅಂತ ಕೇಳಿ. ಅದರಲ್ಲಿ ಸುತ್ತಿಕೊಳ್ಳೋ ಸ್ಲೀವ್, ಅದರ ಅಂಚು ಹಿಡಿಯೋ ಲೋಹದ ಪಟ್ಟಿ, ಒಳಗೆ ಹಾಕೋ ಅಲ್ಯೂಮಿನಿಯಂ ಹೊದಿಕೆ, ಅಲ್ಯೂಮಿನಿಯಂ ಟೇಪ್, ಉಜ್ಜೋ ಕಾಗದ ಎಲ್ಲಾ ಇರುತ್ತೆ. ಸ್ಲೀವ್ ಒಳಮೈಗೆ ಬಿಸಿಗೆ ಕರಗೋ ಅಂಟು ಬಳಿದಿರುತ್ತೆ. ಆರ್ಮರ್ ಮತ್ತು ಅದರ ಕೆಳಗಿನ ಅಲ್ಯೂಮಿನಿಯಂ ಹಾಳೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಂತಿ ಹಾಕಿ ಜೋಡಿಸೋದು ಮರೀಬೇಡಿ. ಎಷ್ಟೋ ಜನ ಅದನ್ನು ಬಿಡ್ತಾರೆ, ಆಮೇಲೆ ಲೈನಲ್ಲಿ ಗುಂಯ್ ಅನ್ನೋ ಸದ್ದು ಯಾಕೆ ಅಂತ ತಲೆ ಕೆರ್ಕೊಳ್ತಾರೆ.

ಬ್ಲೋ ಲ್ಯಾಂಪ್ (ಬೆಂಕಿ ಊದೋ ಕೈದೀಪ) ಹಚ್ಚೋ ಮೊದಲಿನ ಕೆಲಸದಲ್ಲೇ ಜಾಯಿಂಟ್ ಉಳಿಯೋದು ಕೆಡೋದು ಎರಡೂ ಇರೋದು. ಸ್ಲೀವ್‌ನ ತುದಿ ಕೂರೋ ಜಾಗದಲ್ಲಿ ಕೇಬಲ್ ಸಿಪ್ಪೆ ಮೇಲೆ ಜೆಲ್ಲಿಯ ಜಿಡ್ಡು ಸ್ವಲ್ಪವೂ ಇರಬಾರದು. ಒಣ ಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್‌ನಲ್ಲಿ ಒರೆಸಿ, ಅದು ಪೂರ್ತಿ ಆರಲಿ. ಸೀಮೆಎಣ್ಣೆ ಬೇಡ, ಅದೂ ಜಿಡ್ಡೇ. ಆಮೇಲೆ ಎಮರಿ ಕಾಗದದಲ್ಲಿ ಕೇಬಲ್ಲಿನ ಸುತ್ತ ಉಜ್ಜಿ, ಹೊಳಪು ಹೋಗಿ ಮಂಕಾಗಬೇಕು. ಉದ್ದಕ್ಕೆ ಉಜ್ಜಿದ್ರೆ ಆ ಗೀರುಗಳೇ ನೀರಿಗೆ ಕಾಲುವೆ ಆಗುತ್ತೆ. ಸ್ಲೀವ್ ಕೂರೋ ಗೆರೆಯಿಂದ ಆಚೆಗೆ ಅಲ್ಯೂಮಿನಿಯಂ ಟೇಪ್ ಸುತ್ತಿ, ಬೆಂಕಿಗೆ ಸಿಪ್ಪೆ ಕರಗದಿರಲಿ ಅಂತ.

ಬೆಂಕಿ ಹಳದಿಯಾಗಿ ಮೆತ್ತಗಿರಲಿ. ನೀಲಿ ಚೂಪು ಜ್ವಾಲೆ ಒಂದೇ ಕಡೆ ಹಿಡಿದ್ರೆ ಸ್ಲೀವ್ ಸೀಳುತ್ತೆ. ನಡುವಿನಿಂದ ಶುರು ಮಾಡಿ ಒಂದು ತುದಿಗೆ, ಮತ್ತೆ ನಡುವಿನಿಂದ ಇನ್ನೊಂದು ತುದಿಗೆ, ಕೈ ಆಡಿಸುತ್ತಲೇ ಇರಿ. ಕೆಳಭಾಗಕ್ಕೂ ಬಿಸಿ ತಾಗಬೇಕು, ಗುಂಡಿಯಲ್ಲಿ ಕೂತು ಮಾಡುವಾಗ ಎಲ್ಲರೂ ಬಿಡೋದು ಅದನ್ನೇ. ಸ್ಲೀವ್ ಮೇಲಿನ ಹಸಿರು ಚುಕ್ಕೆಗಳು ಸಾಕಷ್ಟು ಬಿಸಿ ತಾಗಿದ ಮೇಲೆ ಕಪ್ಪಾಗುತ್ತೆ. ಒಂದು ಹಸಿರು ಚುಕ್ಕೆ ಉಳಿದ್ರೂ ಅಲ್ಲಿ ಅಂಟು ಕರಗಿಲ್ಲ ಅಂತಲೇ ಲೆಕ್ಕ. ಎರಡೂ ತುದಿಯಲ್ಲಿ ಸುತ್ತಲೂ ಅಂಟು ಉಕ್ಕಿ ಬಂದ್ರೆ ಕೆಲಸ ಆಯ್ತು. ಕೈಯಲ್ಲಿ ಮುಟ್ಟೋ ಹಾಗೆ ತಣ್ಣಗಾಗೋವರೆಗೆ ಕೇಬಲ್ ಅಲ್ಲಾಡಿಸಬೇಡಿ.

ಅಡಿಕೆತೋಟ_ಸಾಗರ

ಸಾರ್, ಕೈಮುಗಿದೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನೀವು ಹೇಳಿದ ಹಾಗೇ ಡೆಡ್ ಪೇರ್‌ನಲ್ಲಿ ಒಂದು ತಂತಿ ಮಾತ್ರ ಪುಡಿಯಾಗಿದೆ, ಜೊತೆಯದ್ದು ಗಟ್ಟಿ ಇದೆ.

ಎರಡು ಸಮಸ್ಯೆ. ಹಾಳಾದ ಭಾಗ ಕತ್ತರಿಸಿದ್ರೆ ಎರಡೂ ತುದಿ ಒಂದಕ್ಕೊಂದು ಮುಟ್ಟೋದಿಲ್ಲ, ಕೇಬಲ್ ಬಿಗಿಯಾಗಿದೆ. ಮತ್ತೆ, ನೀರು ಈ ಜಾಯಿಂಟ್‌ನಲ್ಲಿ ಮಾತ್ರನಾ ಬೇರೆ ಕಡೆಯೂ ಇದೆಯಾ ಅಂತ ಹೇಗೆ ತಿಳಿಯೋದು? ನನ್ನ ಹತ್ತಿರ ಇರೋದು ಒಂದು ಮಲ್ಟಿಮೀಟರ್ ಅಷ್ಟೇ. ಮಳೆ ಬೇರೆ ಬಿಡ್ತಾ ಇಲ್ಲ.

ಲೂಪ್_ಟೆಸ್ಟ್

ಹಳೇ ಜಾಯಿಂಟರ್ ಸಾರ್ ಜಾಯಿಂಟ್ ಬಗ್ಗೆ ಹೇಳಿದ ಮೇಲೆ ನಾನು ಸೇರಿಸೋಕೆ ಏನೂ ಇಲ್ಲ. ಟೆಸ್ಟಿಂಗ್ ಬಗ್ಗೆ ಹೇಳ್ತೀನಿ, ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕ್‌ನಲ್ಲಿ ಕೂತವನು.

ನಿಮ್ಮ ಅದೃಷ್ಟ, ಕೇಬಲ್ ಈಗ ನಡುವೆ ಬಿಚ್ಚಿದೆ. ಸೇರಿಸೋ ಮೊದಲು ಎರಡು ಭಾಗವನ್ನೂ ಬೇರೆಬೇರೆಯಾಗಿ ಟೆಸ್ಟ್ ಮಾಡಿ. ಎರಡೂ ತುದಿಯ ಉಪಕರಣ ಬಿಚ್ಚಿರಬೇಕು.

0.5 ಎಂಎಂ ತಾಮ್ರದ ಪೇರ್‌ಗೆ ಕಿಲೋಮೀಟರಿಗೆ ಲೂಪ್ ರೆಸಿಸ್ಟೆನ್ಸ್ ಸುಮಾರು 168 ಓಮ್. ಆಚೆ ತುದಿಯಲ್ಲಿ ಎರಡು ತಂತಿ ಸೇರಿಸಿ ಈಚೆ ಅಳೆಯಿರಿ. 650 ಮೀಟರಿಗೆ 109 ಓಮ್ ಹತ್ತಿರ ಬರಬೇಕು, ಅರ್ಧಕ್ಕೆ ಅದೇ ಲೆಕ್ಕದಲ್ಲಿ. ಎಲ್ಲಾ ಪೇರ್‌ಗೂ ಒಂದೇ ರೀತಿ ಬಂದ್ರೆ ತಂತಿ ಚೆನ್ನಾಗಿದೆ. ಒಂದು ಮಾತ್ರ ಜಾಸ್ತಿ ತೋರಿಸಿದ್ರೆ, ಅಥವಾ ಅಂಕಿ ಕುಣಿಯುತ್ತಿದ್ರೆ, ಎಲ್ಲೋ ಸವೆದಿದೆ.

ಆಮೇಲೆ ಆಚೆ ತುದಿ ಬಿಟ್ಟು, ಪ್ರತಿ ತಂತಿಯಿಂದ ಆರ್ಮರ್‌ಗೆ ಅಳೆಯಿರಿ. ಮೀಟರ್ ಏನೂ ತೋರಿಸಬಾರದು. ಕೆಲವು ನೂರು ಕಿಲೋಓಮ್ ತೋರಿಸಿದ್ರೂ ನೀರಿದೆ ಅಂತಲೇ. ಪ್ರೋಬ್ ಅದಲು ಬದಲು ಮಾಡಿ ಇನ್ನೊಮ್ಮೆ ನೋಡಿ. ಎರಡು ಸಲವೂ ಬೇರೆ ಬೇರೆ ಅಂಕಿ ಬಂದ್ರೆ ಅಲ್ಲಿ ತಾಮ್ರ, ನೀರು, ಆರ್ಮರಿನ ಲೋಹ ಸೇರಿ ಪುಟ್ಟ ಬ್ಯಾಟರಿ ಆಗಿದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟರೆ ಬಿಚ್ಚಿದ ತಂತಿಯಲ್ಲೂ ಸ್ವಲ್ಪ ವೋಲ್ಟೇಜ್ ಕಾಣುತ್ತೆ. ಯಾವ ಉಪಕರಣವೂ ಇಲ್ಲದೆ ವೋಲ್ಟೇಜ್ ಬಂತು ಅಂದ್ರೆ ನೀರು ಇದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಮೀಟರಿನಲ್ಲಿ ಕೆಪಾಸಿಟೆನ್ಸ್ ಇದ್ರೆ ತುಂಡಾದ ತಂತಿ ಹುಡುಕೋದೂ ಸುಲಭ. ಜೆಲ್ಲಿ ಕೇಬಲ್‌ಗೆ ಕಿಲೋಮೀಟರಿಗೆ ಸುಮಾರು 52 ನ್ಯಾನೊಫ್ಯಾರಡ್. ಆಚೆ ತುದಿ ಬಿಟ್ಟು ಅಳೆದಾಗ 13 ಬಂದ್ರೆ ತುಂಡು ಸುಮಾರು 250 ಮೀಟರ್ ದೂರದಲ್ಲಿದೆ. ನೀರಿದ್ರೆ ಮಾತ್ರ ಈ ಲೆಕ್ಕ ನಂಬಬೇಡಿ, ಅಂಕಿ ಏರುತ್ತೆ.

ಯಾರಾದ್ರೂ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯೋ ಮೀಟರ್) ತಂದ್ರೆ ಇಪಿಎಬಿಎಕ್ಸ್, ಡಿಎಸ್‌ಎಲ್ ಡಬ್ಬಿ ಎಲ್ಲಾ ಬಿಚ್ಚಿದೆಯಾ ಅಂತ ಎರಡು ಸಲ ನೋಡಿ. ಅದರ 500 ವೋಲ್ಟ್ ಆ ಉಪಕರಣಗಳ ಒಳಗಿನ ಕಾರ್ಡ್‌ಗೆ ಹೋದ್ರೆ ಮುಗೀತು.

ಹಳೇ_ಜಾಯಿಂಟರ್

ಕೇಬಲ್ ಎಳೆದು ಸೇರಿಸೋ ಯೋಚನೆ ಬಿಟ್ಟುಬಿಡಿ. ಬಿಗಿಯಾಗಿ ಸೇರಿಸಿದ ಜಾಯಿಂಟ್ ಮಣ್ಣು ಕೂತಾಗ ಸ್ಲೀವ್ ಒಳಗೇ ಜಾರುತ್ತೆ. ಅದೇ ಜಾತಿಯ ಮೂರು ಮೀಟರ್ ಕೇಬಲ್ ತಂದು ನಡುವೆ ಹಾಕಿ ಎರಡು ಜಾಯಿಂಟ್ ಮಾಡಿ. ಎರಡು ಜಾಯಿಂಟ್ ಅಂತ ಹೆದರಬೇಡಿ, ಒಳ್ಳೆಯ ಎರಡು ಕೆಟ್ಟ ಒಂದಕ್ಕಿಂತ ಮೇಲು. ತಾಮ್ರ ಕೆಂಪಗೆ ಹೊಳೆಯೋವರೆಗೆ, ಜೆಲ್ಲಿ ನೀರು ಬೆರೆಯದೆ ಇರೋವರೆಗೆ ಹಳೇ ಕೇಬಲ್ ಕತ್ತರಿಸುತ್ತಾ ಹೋಗಿ, ಜುಗ್ಗತನ ಬೇಡ.

ಮಳೆಯ ವಿಷಯ. ಟಾರ್ಪಾಲ್ ಕಟ್ಟಿ, ಗುಂಡಿಯ ಒಂದು ಮೂಲೆಯಲ್ಲಿ ಇನ್ನೊಂದು ಸಣ್ಣ ಕುಳಿ ತೆಗೆದು ನೀರು ಅಲ್ಲಿಗೆ ಇಳಿಯೋ ಹಾಗೆ ಮಾಡಿ, ಮಗ್‌ನಲ್ಲಿ ತೋಡುತ್ತಾ ಇರಿ. ಜಾಯಿಂಟ್ ನೆಲದಿಂದ ಎತ್ತರದಲ್ಲಿ ಎರಡು ಕಲ್ಲಿನ ಮೇಲಿರಲಿ. ಆದ್ರೂ ನಿಮ್ಮ ಕಡೆಯ ಆಷಾಢದ ಮಳೆಯಲ್ಲಿ ಗಾಳಿಯಲ್ಲೇ ತೇವ ಇರುತ್ತೆ, ಬ್ಲೋ ಲ್ಯಾಂಪ್ ನಿಲ್ಲೋದಿಲ್ಲ. ಆವಾಗ ಬೆಂಕಿ ಇಲ್ಲದ ದಾರಿ ಇದೆ. ರೆಸಿನ್ ಕಿಟ್. ಚೀಲದೊಳಗೇ ಎರಡು ದ್ರವ ಇರುತ್ತೆ, ನಡುವಿನ ಗೋಡೆ ಒಡೆದು ಹಿಸುಕಿ ಬೆರೆಸಿ, ಜಾಯಿಂಟ್ ಸುತ್ತ ಕೂರಿಸಿದ ಅಚ್ಚಿಗೆ ಸುರಿಯೋದು. ಗಟ್ಟಿಯಾದ ಮೇಲೆ ಬಿಚ್ಚೋಕೆ ಆಗಲ್ಲ, ಕತ್ತರಿಸಿ ಬಿಸಾಡೋದೇ. 10 ಪೇರ್‌ಗೆ ಪರವಾಗಿಲ್ಲ. ಇದಕ್ಕೂ ಸಿಪ್ಪೆ ಒರೆಸಿ ಉಜ್ಜೋ ಕೆಲಸ ತಪ್ಪಿದ್ದಲ್ಲ.

ನನ್ನ ಮಾತು ಕೇಳಿದ್ರೆ, ಈಗ ಯುವೈ ಹಾಕಿ ಎಲ್ಲಾ ಪೇರ್ ಸೇರಿಸಿ, ಜಾಯಿಂಟನ್ನು ನೆಲದ ಮೇಲೆ ಒಂದು ಕಂಬಕ್ಕೆ ಎತ್ತಿ ಕಟ್ಟಿ, ಮೇಲೆ ಬಕೆಟ್ ಕವುಚಿ. ಯುವೈ ಒಳಗೆ ಜೆಲ್ ಇದೆ, ತಡೆಯುತ್ತೆ. ಮಳೆ ಬಿಟ್ಟ ಮೇಲೆ ಒಣ ದಿನ ನೋಡಿ ಸ್ಲೀವ್ ಹಾಕಿ ಮಣ್ಣು ಮಾಡಿ.

ಬಿಟ್ಸ್_ಬೆಂಗ್ಳೂರು

ಇಷ್ಟೆಲ್ಲಾ ಯಾಕೆ ಗುರೂ, ಫೈಬರ್ ಎಳೆಸಿಬಿಡಿ. 650 ಮೀಟರ್ ಏನು ಮಹಾ. ನೀರೂ ಇಲ್ಲ, ತುಕ್ಕೂ ಇಲ್ಲ, ಸಿಡಿಲಿಗೆ ಡಬ್ಬಿ ಸುಡೋದೂ ಇಲ್ಲ.

ಲೂಪ್_ಟೆಸ್ಟ್

ಸಿಡಿಲಿನ ಮಾತು ನಿಜ, ಕೇಬಲ್ಲಿನಲ್ಲಿ ಲೋಹದ ಆರ್ಮರ್ ಇಲ್ಲದಿದ್ರೆ. ಇಂಟರ್ನೆಟ್‌ಗೆ ನಾನೂ ಫೈಬರ್ ಅಂತಲೇ ಹೇಳ್ತೀನಿ. ಆದ್ರೆ ತಾಮ್ರದಲ್ಲಿ ಫೋನಿಗೆ ಬೇಕಾದ ಕರೆಂಟ್ ಲೈನಲ್ಲೇ ಬರುತ್ತೆ. ಮಲೆನಾಡಲ್ಲಿ ಮಳೆಗಾಲ ಅಂದ್ರೆ ಕರೆಂಟ್ ಹೋಗೋದು ಮಾಮೂಲಿ, ಅಲ್ವಾ? ಮನೆಯಲ್ಲಿ ಇಪಿಎಬಿಎಕ್ಸ್‌ಗೆ ಒಂದು ಬ್ಯಾಟರಿ ಇದ್ರೆ ಮೂರು ಮನೆಯ ಫೋನೂ ನಡೆಯುತ್ತೆ. ಫೈಬರ್ ಆದ್ರೆ ಆಚೆ ತುದಿಗೂ ಬ್ಯಾಟರಿ ಬೇಕು.

ಸಾಗರದವರೇ, ತಾಮ್ರ ಇಟ್ಟುಕೊಂಡರೆ ಎರಡೂ ತುದಿಯಲ್ಲಿ ಸಿಡಿಲಿನಿಂದ ಕಾಯೋಕೆ ಗ್ಯಾಸ್ ಟ್ಯೂಬ್ ಇರೋ ಪ್ರೊಟೆಕ್ಟರ್ ಹಾಕಿ ಸರಿಯಾದ ಅರ್ತ್ ಕೊಡಿಸಿ. ನೀರಿನ ಪೈಪಿಗೆ ಕಟ್ಟಿದ ಅರ್ತ್ ಅಲ್ಲ. ಈಗ ಪೈಪೆಲ್ಲಾ ಪಿವಿಸಿ.

ಅಡಿಕೆತೋಟ_ಸಾಗರ

ಟೆಸ್ಟ್ ಮಾಡಿದೆ. ಮನೆ ಕಡೆಯ ಭಾಗದಲ್ಲಿ ಎಲ್ಲಾ ಪೇರ್ 67 ಓಮ್ ಹತ್ತಿರ, ಆರ್ಮರ್‌ಗೆ ಏನೂ ತೋರಿಸಲ್ಲ. ಗೇಟಿನ ಕಡೆಯ ಭಾಗದಲ್ಲಿ ಲೂಪ್ 42, 43 ಬರುತ್ತೆ. ಆದ್ರೆ ಮೂರು ಪೇರ್‌ನಲ್ಲಿ ತಂತಿಯಿಂದ ಆರ್ಮರ್‌ಗೆ 200 ಕಿಲೋಓಮ್ ಆಸುಪಾಸು. ಪ್ರೋಬ್ ತಿರುಗಿಸಿದ್ರೆ ಅಂಕಿ ಬದಲಾಗುತ್ತೆ. ಜಾಯಿಂಟ್ ಹತ್ತಿರ ಎರಡು ಅಡಿ ಕತ್ತರಿಸಿ ಮತ್ತೆ ನೋಡಿದೆ, ಹಾಗೇ ಇದೆ. ಅಂದ್ರೆ ನೀರು ಬೇರೆಲ್ಲೋ ಇದೆ.

ಹಳೇ_ಜಾಯಿಂಟರ್

ಮೀಟರ್ ಪಕ್ಕಕ್ಕಿಟ್ಟು ಕೇಬಲ್ ಹೋದ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಹೊಸದಾಗಿ ಏನು ನೆಟ್ಟಿದ್ದಾರೆ, ಎಲ್ಲಿ ಅಗೆದಿದ್ದಾರೆ ನೋಡಿ. ಬೇಲಿ ಕಂಬ, ಸ್ಪ್ರಿಂಕ್ಲರ್ ಪೈಪ್, ಬಾಳೆ ಗುಂಡಿ. ಸಿಪ್ಪೆಗೆ ಹಾರೆ ತುದಿ ತಾಗಿದ್ರೆ ಸಾಕು.

ಅಡಿಕೆತೋಟ_ಸಾಗರ

ಸಾರ್, ಸಿಕ್ಕಿತು! ಗೇಟಿನ ಹತ್ತಿರ ಐಬೆಕ್ಸ್ ಬೇಲಿಗೆ (ಕರೆಂಟ್ ಬೇಲಿ) ಹೊಸ ಕಂಬ ನೆಟ್ಟಿದ್ದಾರೆ. ಕಂಬದ ಬುಡದಿಂದ ಒಂದು ಗೇಣು ಆಚೆ ಕೇಬಲ್ ಮೇಲೆ ಹಾರೆ ಗುರುತು, ಆರ್ಮರ್ ಒಳಗೆ ತಗ್ಗಾಗಿದೆ, ಸಿಪ್ಪೆಯಲ್ಲಿ ಬೆರಳ ತುದಿಯಷ್ಟು ತೂತು. ಪೂರ್ತಿ ಕತ್ತರಿಸಬೇಕಾ, ಅಥವಾ ತೂತಿರೋ ಕಡೆ ಮಾತ್ರ ಬಿಡಿಸಿ ಸ್ಲೀವ್ ಹಾಕಿದ್ರೆ ಆಗುತ್ತಾ?

ಹಳೇ_ಜಾಯಿಂಟರ್

ತಂತಿ ತುಂಡಾಗಿಲ್ಲ, ಲೂಪ್ ಸರಿ ಬರುತ್ತಿದೆ. ಹಾಗಾಗಿ ಕತ್ತರಿಸಬೇಡಿ. ತೂತಿನ ಎರಡೂ ಕಡೆ ಒಂದೊಂದು ಅಡಿ ಸಿಪ್ಪೆ, ಆರ್ಮರ್ ಬಿಡಿಸಿ ನೋಡಿ. ಜೆಲ್ಲಿ ಬೆಳ್ಳಗೆ ಹಾಲಿನ ಹಾಗೆ ಆಗಿರೋ ಕಡೆ ಎಲ್ಲಾ ಒರೆಸಿ ತೆಗೆಯಿರಿ. ಇನ್ಸುಲೇಷನ್ ಗೀರಿದ ತಂತಿಗಳನ್ನು ಮಾತ್ರ ಕತ್ತರಿಸಿ, ಅದೇ ಬಣ್ಣದ ಗೇಣುದ್ದ ತುಂಡು ಸೇರಿಸಿ ಎರಡು ಯುವೈ ಹಾಕಿ. ಆರ್ಮರ್‌ಗೆ ಮೀಟರ್ ಇಟ್ಟು ನೋಡಿ, ಏನೂ ತೋರಿಸದೇ ಇದ್ರೆ ಮುಚ್ಚಬಹುದು. ಸುತ್ತಿಕೊಳ್ಳೋ ಸ್ಲೀವ್ ಆದ್ದರಿಂದ ಕೇಬಲ್ ತುಂಡು ಮಾಡದೇ ಹಾಕೋಕೆ ಬರುತ್ತೆ. ಅಲ್ಲಿಗೆ ಮೂರು ಕಿಟ್ ಬೇಕಾಗುತ್ತೆ ನಿಮಗೆ, ಒಂದು ಜಾಸ್ತಿಯೇ ತರಿಸಿ. ಮುಚ್ಚುವಾಗ ಮರಳು ಹಾಸಿ, ಮೇಲೆ ಇಟ್ಟಿಗೆ ಜೋಡಿಸಿ ಮಣ್ಣು ಎಳೀರಿ. ಆ ಬೇಲಿಯವರಿಗೆ ಮುಂದಿನ ಕಂಬ ಎಲ್ಲಿ ನೆಡ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.